ನಾವು ಕೂಡಿ ಬರೀತಿದ್ದ ಆರ್‌ಪಿ ಮುಗೀತಾ? ಅನುಭವ ಇದ್ದವರು ಹೇಳಿ

ಬೈತಖೋಲ್ ಹುಡುಗಿ:

ಎಲ್ಲರಿಗೂ ನಮಸ್ಕಾರ. 2020ರ ಲಾಕ್‌ಡೌನ್‌ನಲ್ಲಿ ನಾವು ನಾಲ್ಕು ಜನ ಡಿಸ್ಕಾರ್ಡ್ ಚಾಟ್ ಆ್ಯಪ್‌ನಲ್ಲಿ ಒಂದು ಆರ್‌ಪಿ (ರೋಲ್‌ಪ್ಲೇ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಸರದಿಯಂತೆ ಬರೆಯುವ ಕತೆ) ಶುರು ಮಾಡಿದ್ದೆವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಾಲದ ಕಾಳುಮೆಣಸಿನ ವ್ಯಾಪಾರದ ಕತೆ. ನಾನು ಅರಮನೆಯ ಲೆಕ್ಕ ಬರೆಯುವವಳು, ಗೆಳೆಯನೊಬ್ಬ ಪೋರ್ಚುಗೀಸ್ ವ್ಯಾಪಾರಿ. ಇನ್ನಿಬ್ಬರು ಹೋದ ವರ್ಷವೇ ಬಿಟ್ಟರು. ನಾವಿಬ್ಬರೇ ಎಳೆದುಕೊಂಡು ಬಂದೆವು. ಅವನ ಕೊನೆಯ ಟರ್ನ್ (ಅವನ ಸರದಿಯ ಬರಹ) ಹೀಗಿದೆ: "ಕತ್ತಲಾಗುವ ಹೊತ್ತಿಗೆ ಮಚವೆ ಗೇರುಸೊಪ್ಪೆಯ ದಡದ ಹತ್ತಿರ ಬಂತು. ದಡದಲ್ಲಿ ಒಂದು ದೀಪ ಕಂಡಿತು. ಹುಟ್ಟು ಹಾಕುವವರಿಗೆ ನಿಲ್ಲಿಸಿ ಅಂದೆ." (ಮಚವೆ ಅಂದರೆ ಸರಕು ಸಾಗಿಸುವ ದೊಡ್ಡ ಹಾಯಿದೋಣಿ.) ದೀಪ ಹಿಡಿದು ನಿಂತವಳು ನಾನು. ಮರುದಿನವೇ ನನ್ನ ಟರ್ನ್ ಹಾಕಿದೆ. ಐದು ತಿಂಗಳಾಯಿತು, ಆ ಕಡೆಯಿಂದ ಒಂದಕ್ಷರ ಇಲ್ಲ. ಆನ್‌ಲೈನ್ ಇರುತ್ತಾನೆ. ನನ್ನ ಇನ್‌ಸ್ಟಾ ಸ್ಟೋರಿಗೆ ಹಾರ್ಟ್ ಒತ್ತುತ್ತಾನೆ. ಮುಗೀತು ಅಂತ ನಿಮಗೆ ಹೇಗೆ ಗೊತ್ತಾಯಿತು?

ಬನವಾಸಿ ರಸ್ತೆ:

ತಂಗೀ, ನನ್ನದು ಹೇಳ್ತೇನೆ ಕೇಳು. ಧಾರವಾಡದ ಗೆಳತಿ ಜೊತೆ ಮೂರು ವರ್ಷ ವಾಟ್ಸಾಪ್‌ನಲ್ಲೇ ಬರೆದೆ. ಅಕ್ಕ ತಂಗಿಯರ ಕತೆ, ಅಡಿಕೆ ತೋಟದ ಪಾಲಿನ ಜಗಳ. ಒಂದು ದಿನ ಅವಳ ಟರ್ನ್ ಎರಡೇ ಸಾಲಿಗೆ ಇಳಿಯಿತು. ಆಮೇಲೆ ಒಂದು ಸಾಲು. ಆಮೇಲೆ "ಹೂಂ, ಅಕ್ಕ ನಕ್ಕಳು". ನನಗೆ ಆಗಲೇ ಗೊತ್ತಾಯಿತು. ಜಗಳದ ಕತೆಯಲ್ಲಿ ಅಕ್ಕ ನಕ್ಕು ಎದ್ದು ಹೋದರೆ ಮುಂದೆ ಬರೆಯಲು ಏನಿದೆ?

ಪ್ರಿಂಟ್ ಆದರೂ ಹಾಕಿಸಿಡೋಣ ಅಂತ ಕೂತೆ. ಅಲ್ಲಿಂದ ಶುರುವಾಯಿತು ಗೋಳು. ಫೋಟೋ ಬಿಟ್ಟು ಎಕ್ಸ್‌ಪೋರ್ಟ್ ಮಾಡಿದರೂ ವಾಟ್ಸಾಪ್ ಕೊಡೋದು ಕೊನೆಯ 40,000 ಮೆಸೇಜ್ ಮಾತ್ರ. ನಮ್ಮದು 62,000 ದಾಟಿತ್ತು. ಮೊದಲ ಒಂದೂವರೆ ವರ್ಷದ್ದು ಬರಲೇ ಇಲ್ಲ! ಚೆನ್ನಾಗಿ ಬರೆದಿದ್ದೇ ಆವಾಗ. ದಿನಾ ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ಮೇಲೆ ಮೇಲೆ ಸರಿಸಿ ಸರಿಸಿ ಕಾಪಿ ಮಾಡಿದೆ. 37 ರಾತ್ರಿ. ಹೆಬ್ಬೆರಳು ಊದಿಕೊಂಡಿತು. ಮಳೆಗಾಲ ಬೇರೆ, ಕರೆಂಟ್ ಹೋದರೆ ವೈಫೈ ಹೋಗೋದು. ಕೊನೆಗೆ 1,140 ಪುಟ ಆಯಿತು. ಶಿರಸಿ ಪೇಟೆಯಲ್ಲಿ ಪುಟಕ್ಕೆ ಒಂದೂಕಾಲು ರೂಪಾಯಿಯಂತೆ 1,425, ನಾಲ್ಕು ಸ್ಪೈರಲ್ ಬೈಂಡಿಗೆ ತಲಾ 60. ಒಟ್ಟು 1,665 ರೂಪಾಯಿ. ಮೂರನೇ ಸಂಪುಟಕ್ಕೆ ಎರಡನೇ ಮಳೆಗಾಲದಲ್ಲೇ ಬೂಷ್ಟು ಹಿಡಿಯಿತು. ಈಗಲೂ ಬಿಸಿಲು ಬಂದಾಗ ಅಂಗಳದಲ್ಲಿ ಹರವಿ ಒಣಗಿಸ್ತೇನೆ.

ಬೈಂಡ್ ಮಾಡಿಸಿ ಎರಡು ತಿಂಗಳಿಗೆ ಅವಳ ಮೆಸೇಜ್: "ಮುಂದುವರಿಸೋಣ್ವಾ?" ಇಲ್ಲ ಅಂದೆ. ಅಂದಿದ್ದು ಸರಿಯೇ.

ಹೊನ್ನಾವರ ಸೇತುವೆ:

ಇಷ್ಟೆಲ್ಲ ಯಾಕೆ ಅಕ್ಕಾ? ತಾಳಮದ್ದಳೆಯಲ್ಲಿ ಅರ್ಥಧಾರಿಗಳು ರಾತ್ರಿಯಿಡೀ ವಾದ ಮಾಡಲಿ, ಕೊನೆಗೆ ಭಾಗವತರು ಮಂಗಳ ಹಾಡಿದರೆ ಮುಗೀತು. ಎಲ್ಲರೂ ಎದ್ದು ಮನೆಗೆ ಹೋಗ್ತಾರೆ. ಆರ್‌ಪಿಯಲ್ಲಿ ಮಂಗಳ ಹಾಡುವವರು ಇಲ್ಲದ್ದೇ ಸಮಸ್ಯೆ. ನಮ್ಮ ಏಳು ಜನರ ಗುಂಪಿಗೆ ನಾನೇ ಜಿಎಂ (ಗೇಮ್ ಮಾಸ್ಟರ್, ಕತೆ ನಡೆಸುವವ). ಮೊದಲ ದಿನವೇ ನಿಯಮ ಪಿನ್ ಮಾಡಿದೆ: 30 ದಿನ ಟರ್ನ್ ಬರದಿದ್ದರೆ ಆ ಪಾತ್ರದ ಕತೆಯನ್ನು ಜಿಎಂ ಮುಗಿಸ್ತಾನೆ. ಎಲ್ಲರೂ ಥಂಬ್ಸಪ್ ಹಾಕಿದ್ದರು.

ನಮ್ಮ ದಂಡನಾಯಕ 30 ದಿನ ಸುದ್ದಿ ಇಲ್ಲ. ನಾನು 45 ದಿನ ಕಾದೆ, ಮೂರು ಸಲ ಕೇಳಿದೆ. ಆಮೇಲೆ ಅಳಿವೆ ದಾಟುವಾಗ ಅವನ ದೋಣಿ ಮುಳುಗಿಸಿದೆ. 400 ಪದ, ಮೂರು ಸಲ ತಿದ್ದಿ ಬರೆದೆ. ಗುಂಪಿನ ಇಬ್ಬರು ಓದಿ ಅತ್ತರು. ಎಂಟು ತಿಂಗಳ ಮೇಲೆ ಆ ಮನುಷ್ಯ ಬಂದ. ಅಪ್ಪನನ್ನು ಮಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದನಂತೆ. "ಅಡ್ಡಿಲ್ಲ" ಅಂತ ಒಂದೇ ಮಾತು ಬರೆದು ಸರ್ವರ್ ಬಿಟ್ಟ. ಬೇಜಾರಾಯಿತು. ಆದರೆ ಉಳಿದ ಆರು ಜನರ ಕತೆ ನಿಲ್ಲಲಿಲ್ಲ. ಇವತ್ತೂ ಆ ನಿಯಮ ಹಾಗೇ ಇದೆ.

ಕರಿ ಇಶಾಡ:

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮಗನ ಪಾತ್ರವನ್ನು ನೀರಲ್ಲಿ ಮುಳುಗಿಸಿ, ಚೆನ್ನಾಗಿ ಬರೆದೆ ಅಂತ ಹೇಳಿಕೊಳ್ತೀರಲ್ಲ, ಒಂದು ಫೋನ್ ಮಾಡಲು ಆಗಲಿಲ್ವಾ?

ನಾನು ಸುಮ್ಮನಾದವಳು. ಆ ಕಡೆಯದ್ದೂ ಸ್ವಲ್ಪ ಕೇಳಿ. ನಮ್ಮ ಆರ್‌ಪಿ ಹೆದ್ದಾರಿ ಪಕ್ಕದ ಒಂದು ಚಹಾ ಅಂಗಡಿಯಲ್ಲಿ ನಡೀತಿತ್ತು. ಹಿಂದೆ ಗುಡ್ಡ, ಮುಂದೆ ಹೊಳೆ. ನಾನು ಅಂಗಡಿ ನಡೆಸುವವಳು. ಬಂದು ಹೋಗುವ ಲಾರಿಯವರು ಉಳಿದವರು. ಎರಡು ವರ್ಷ ಬರೆದೆವು. ಯಾವ ಗ್ಲಾಸಿನ ಅಂಚು ಒಡೆದಿದೆ ಅನ್ನೋದೂ ನನಗೆ ಗೊತ್ತಿತ್ತು. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿಯಿತು. ಚಹಾ ಅಂಗಡಿ, ಅದರಲ್ಲಿದ್ದ ಜನ, ಎಲ್ಲ ಹೋಯಿತು. ಹೆದ್ದಾರಿ ಎಷ್ಟೋ ದಿನ ಬಂದ್. ನಾನು ದಿನಾ ಅಂಕೋಲೆಯಿಂದ ಕೆಲಸಕ್ಕೆ ಹೋಗುವವಳು, ಸಂಜೆ ಮನೆಗೆ ಬಂದರೆ ಪೂರ್ತಿ ಅದೇ ಸುದ್ದಿ. ಫೋನ್ ತೆಗೆದರೆ ಗುಂಪಿನಲ್ಲಿ "ಅಕ್ಕಾ, ಎರಡು ಕಟಿಂಗ್ ಕೊಡಿ" ಅಂತ ಟರ್ನ್ ಬಂದು ಕೂತಿತ್ತು. ಬರೆದವರು ಬೆಂಗಳೂರಲ್ಲಿದ್ದರು, ಅವರ ತಪ್ಪಲ್ಲ. ನನ್ನ ಕೈ ಏಳಲಿಲ್ಲ. ಮೂರು ಸಲ ಟೈಪ್ ಮಾಡಿ ಅಳಿಸಿದೆ. ಹತ್ತನೇ ದಿನ ಒಬ್ಬರು ಬರೆದರು, "ಬಿಡೋದಾದ್ರೆ ಹೇಳಿ ಬಿಡಿ, ನಮ್ಮ ಟೈಮಿಗೂ ಬೆಲೆ ಇದೆ."

ಆ ಕತೆ ಮುಗಿದಿದ್ದು ಆ ಗುಡ್ಡ ಕುಸಿದ ದಿನ. ಯಾರ ನಿಯಮವೂ ಬೇಕಾಗಲಿಲ್ಲ.

ಹೊನ್ನಾವರ ಸೇತುವೆ:

ನಿಮಗಾಗಿದ್ದು ಕೇಳಿ ನಿಜವಾಗಿಯೂ ಸಂಕಟ ಆಯಿತು. ಆದರೆ ನನ್ನನ್ನು ಅದಕ್ಕೆ ಯಾಕೆ ಸೇರಿಸ್ತೀರಿ? ನಾನು ಮೂರು ಸಲ ಕೇಳಿದ್ದೇನೆ ಅಂತ ಬರೆದಿದ್ದೇನಲ್ಲ. ಒಂದು ಸಾಲು, "ಮನೆಯಲ್ಲಿ ತೊಂದರೆ" ಅಂದಿದ್ದರೆ ದೋಣಿಯನ್ನು ಕಾಸರಕೋಡಿನ ದಡದಲ್ಲಿ ಒಂದು ವರ್ಷ ಬೇಕಾದರೂ ನಿಲ್ಲಿಸ್ತಿದ್ದೆ.

ಕರಿ ಇಶಾಡ:

ಆ ಒಂದು ಸಾಲು ಬರೆಯಲು ಆಗದ ದಿನಗಳು ಇರ್ತವೆ ಅಂತಲೇ ನಾನು ಹೇಳ್ತಿರೋದು.

ಕಾಳಿ ದಂಡೆ:

ಜಗಳ ಸಾಕು ಮಾರಾಯ್ರೇ. ನಾನು ಆರ್ಕುಟ್ ಕಾಲದಿಂದ ಬರೀತಿದ್ದೇನೆ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಉಳಿದವರು ಗೂಗಲ್ ಪ್ಲಸ್‌ಗೆ ಹೋದೆವು. 2019ರ ಏಪ್ರಿಲ್ 2ಕ್ಕೆ ಅದೂ ಹೋಯಿತು. ಎರಡು ಸಲ ಜಾಗವೇ ಕಾಲಡಿಯಿಂದ ಹೋಯಿತು, ಆದರೂ ಕತೆ ಮುಗಿಯಲಿಲ್ಲ. ಯಾಕೆಂದರೆ ಟರ್ನ್ ಇಲ್ಲದಿದ್ದರೂ ಓಓಸಿ ಮಾತು, ಅಂದರೆ ಪಾತ್ರದಿಂದ ಹೊರಗೆ ನಿಂತು ಆಡೋ ಮಾತು, ನಡೀತಿತ್ತು. "ನಿನ್ನ ಸೇನಾಪತಿಗೆ ಗಾಯ ವಾಸಿಯಾಯ್ತಾ" ಅಂತ ಕೇಳ್ತಿದ್ದರು. ಬೈತಖೋಲ್ ತಂಗೀ, ನೋಡಬೇಕಾದ್ದು ಅಲ್ಲಿ. ಅವನು ನಿನ್ನ ಸ್ಟೋರಿ ನೋಡ್ತಾನೆ ಸರಿ, ಪಾತ್ರದ ಬಗ್ಗೆ ಒಂದು ಮಾತಾದರೂ ಆಡ್ತಾನಾ? ಡಿಸ್ಕಾರ್ಡ್‌ನಲ್ಲಿ ಥ್ರೆಡ್ ಆರ್ಕೈವ್ ಆಯಿತು ಅಂತ ಹೆದರಬೇಡ. ಕೆಲವು ದಿನ ಸುಮ್ಮನಿದ್ದರೆ ಅದು ತಾನೇ ಮರೆಗೆ ಹೋಗುತ್ತದೆ, ಯಾರಾದರೂ ಬರೆದರೆ ಮೇಲೆ ಬರುತ್ತದೆ.

ಇನ್ನೊಂದು. ಪೋರ್ಚುಗೀಸರ ಹಡಗು ಹೊಳೆ ಹತ್ತಿ ಗೇರುಸೊಪ್ಪೆವರೆಗೆ ಬರೋದು ಸಾಧ್ಯವಿಲ್ಲ. ಆ ಟರ್ನೇ ತಪ್ಪು.

ಹೊನ್ನಾವರ ಸೇತುವೆ:

ಹಡಗು ಅಂತ ಎಲ್ಲಿದೆ? ಮಚವೆ ಅಂತ ಬರೆದಿದ್ದಾನೆ. ಶರಾವತಿ ನಮ್ಮೂರ ಹೊಳೆ. ಗೇರುಸೊಪ್ಪೆವರೆಗೂ ದೋಣಿ ಹೋಗ್ತಿತ್ತು. ಘಟ್ಟದ ಮೆಣಸು ಇಳೀತಿದ್ದೇ ಅದೇ ದಾರಿಯಲ್ಲಿ.

ಕಾಳಿ ದಂಡೆ:

ಮಚವೆ ಬೇರೆ, ದೋಣಿ ಬೇರೆ. ಮಚವೆಯನ್ನು ಹುಟ್ಟು ಹಾಕಿ ಅಷ್ಟು ಮೇಲೆ ತರೋದು ನೀವು ನೋಡಿದ್ದೀರಾ?

ಬನವಾಸಿ ರಸ್ತೆ:

ರಾಣಿ 1552ರಿಂದ 1606ರವರೆಗೆ ಆಳಿದಳು, ಕೊನೆಗೆ ಇಕ್ಕೇರಿಯ ಸೆರೆಯಲ್ಲಿ ತೀರಿಕೊಂಡಳು ಅಂತ ಓದಿದ್ದೇನೆ. ಕತೆಗೆ ಕೊನೆ ಅಲ್ಲೇ ಇದೆ ತಂಗೀ. ಅವನಿಲ್ಲದಿದ್ದರೆ ನೀನೊಬ್ಬಳೇ 1606ಕ್ಕೆ ಹೋಗಿ ಲೆಕ್ಕದ ಪುಸ್ತಕ ಮುಚ್ಚು. ಮುಚ್ಚುವ ಮೊದಲು ಬ್ಯಾಕಪ್ ತಗೋ. ನನ್ನ ಹಾಗೆ ಕೊನೆಗೆ ಒದ್ದಾಡಬೇಡ.

ಬೈತಖೋಲ್ ಹುಡುಗಿ:

ಎಲ್ಲರದ್ದೂ ಓದಿದೆ. ಇಶಾಡ ಅಕ್ಕ ಬರೆದಿದ್ದನ್ನು ಎರಡು ಸಲ ಓದಿದೆ. ನಾನು ಐದು ತಿಂಗಳಲ್ಲಿ ಅವನಿಗೆ "ಟರ್ನ್?" ಅಂತ ಮಾತ್ರ ಕೇಳಿದ್ದೆ, ಬೇರೇನೂ ಕೇಳಿರಲಿಲ್ಲ. ಇವತ್ತು ಸಂಜೆ ಫೋನ್ ಮಾಡಿದೆ. ಕೆಲಸ ಹೋಗಿದೆಯಂತೆ, ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. "ನನ್ನಿಂದ ಇನ್ನು ಬರೆಯೋಕಾಗಲ್ಲ, ನಿನಗೆ ಹೇಳಲು ನಾಚಿಕೆ ಆಗ್ತಿತ್ತು" ಅಂದ. ಹಾಗಾದರೆ ವ್ಯಾಪಾರಿಯನ್ನು ಏನು ಮಾಡಲಿ ಅಂತ ಕೇಳಿದೆ. ಕೊಲ್ಲಬೇಡ, ದಡಕ್ಕೆ ಇಳಿಸು, ಊಟ ಹಾಕು, ಉಳಿದಿದ್ದು ನಿನಗೆ ಬಿಟ್ಟಿದ್ದು ಅಂದ.

ಇವತ್ತು ರಾತ್ರಿ ಬರೀತೇನೆ. ಮಚವೆಯೋ ದೋಣಿಯೋ ಅದನ್ನೊಂದು ಇತ್ಯರ್ಥ ಮಾಡಿ ಹೇಳಿ.

ಹೊನ್ನಾವರ ಸೇತುವೆ:

ಮಚವೆಯನ್ನು ಹೊನ್ನಾವರದಲ್ಲಿ ನಿಲ್ಲಿಸು. ಅಲ್ಲಿಂದ ಉಬ್ಬರ ನೋಡಿಕೊಂಡು ಸಣ್ಣ ದೋಣಿ.

ಕಾಳಿ ದಂಡೆ:

ಅದನ್ನೇ ನಾನು ಮೊದಲಿಂದ ಹೇಳ್ತಿದ್ದೆ.