ತೀರ್ಥಹಳ್ಳಿ–ನಗರ ಮಣ್ಣುದಾರಿ: ಗೆರೆ ತೋಟದೊಳಗೆ ಹೋಗಿ ನಿಲ್ಲುತ್ತೆ, ಏರಿನ ಲೆಕ್ಕವೂ ಹೊಂದಲ್ಲ

ಜಲ್ಲಿದಾರಿ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಕವಲೇದುರ್ಗದ ಮಗ್ಗುಲಿಗೆ ಹೋಗಿ ನಗರ ಅನ್ನುವ ಊರು ಮುಟ್ಟುವ ಸೈಕಲ್ ಮಾರ್ಗ ಹಾಕುತ್ತಿದ್ದೇನೆ. ಬಸ್ಸು, ಲಾರಿ ಓಡಾಡುವ ಟಾರು ರಸ್ತೆ ಆದಷ್ಟು ತಪ್ಪಬೇಕು. ತೊಂದರೆ ಮೂರು.

ನಕ್ಷೆಯಲ್ಲಿ ದಾರಿ ಒಂದಕ್ಕೊಂದು ಸೇರಿದ ಹಾಗೆ ಕಾಣುತ್ತೆ, ಹೋದರೆ ಯಾರದೋ ಅಂಗಳದಲ್ಲಿ ಮುಗಿಯುತ್ತೆ. ಅದೇ 58 ಕಿ.ಮೀ. ಮಾರ್ಗಕ್ಕೆ ಒಂದು ಆ್ಯಪ್ 1,310 ಮೀಟರ್ ಏರು ಹೇಳಿದರೆ ಇನ್ನೊಂದು 1,920 ಅನ್ನುತ್ತೆ, ನಡುನಡುವೆ 25% ಏರು ಬೇರೆ. ಮೂರನೆಯದು ಬ್ರೇಕು: ಉದ್ದ ಇಳಿಜಾರು ಮುಗಿಯುವಷ್ಟರಲ್ಲಿ ಲಿವರ್ ಹ್ಯಾಂಡಲ್‌ಗೇ ತಾಗುತ್ತೆ.

ಸೈಕಲ್: ಟೈರ್ 700×40 ಟ್ಯೂಬ್‌ಲೆಸ್, ಗಾಳಿ 50 ಪಿಎಸ್‌ಐ. ಗೇರು ಮುಂದೆ 40 ಹಲ್ಲು, ಹಿಂದೆ 11–42. ಕೇಬಲ್ ಡಿಸ್ಕ್ ಬ್ರೇಕ್, 160 ಮಿ.ಮೀ. ರೋಟರ್ (ಬ್ರೇಕಿನ ತಟ್ಟೆ). ಸವಾರ 72 ಕೆ.ಜಿ., ಸಾಮಾನು 5 ಕೆ.ಜಿ.

ಧರೆಕಲ್ಲು:
ಮೊದಲು ನಕ್ಷೆಯ ಗೆರೆಯ ವಿಷಯ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಬಯಲುಸೀಮೆಯಲ್ಲಿ ಮನೆಗಳು ಊರಾಗಿ ಗುಂಪುಗೂಡಿರುತ್ತವೆ, ದಾರಿ ಊರಿಂದ ಊರಿಗೆ ಹೋಗುತ್ತೆ. ಇಲ್ಲಿ ಹಾಗಲ್ಲ. ಒಂದೊಂದು ಮನೆ ಒಂದೊಂದು ಕಣಿವೆಯಲ್ಲಿ, ಮನೆಗೊಂದು ದಾರಿ. ಹಾಗಾಗಿ ನಕ್ಷೆಯಲ್ಲಿ ಕಾಣುವ ಮಣ್ಣುದಾರಿಗಳಲ್ಲಿ ಹೆಚ್ಚಿನವು ಮುಂದೆ ಹೋಗುವುದೇ ಇಲ್ಲ. ಮತ್ತೆ ಸೇರಿದ ಹಾಗೆ ಯಾಕೆ ಕಾಣುತ್ತೆ? ಆಚೆ ಗುಡ್ಡದಿಂದ ಇಳಿದ ದಾರಿ ಒಂದು ಮನೆಗೆ, ಈಚೆಯಿಂದ ಇಳಿದದ್ದು ಇನ್ನೊಂದು ಮನೆಗೆ, ನಡುವೆ ಅಡಿಕೆ ತೋಟ, ಹಳ್ಳ, ಹಳ್ಳದ ಮೇಲೆ ಎರಡೋ ಮೂರೋ ಅಡಿಕೆ ಮರ ಹಾಸಿದ ಸಂಕ. ನಕ್ಷೆ ಬರೆದವರು ಅದನ್ನು ಕಾಲುದಾರಿ ಅಂತ ಸರಿಯಾಗಿಯೇ ಗುರುತಿಸಿರುತ್ತಾರೆ. ಮಾರ್ಗ ಹಾಕುವ ಆ್ಯಪ್‌ಗೆ ಮಾತ್ರ ಅದೂ ದಾರಿಯೇ, ಸೀದಾ ಜೋಡಿಸಿಬಿಡುತ್ತೆ.

ಪತ್ತೆ ಮಾಡುವುದು ಸುಲಭ. ಉಪಗ್ರಹ ಚಿತ್ರದಲ್ಲಿ ದಾರಿ ಕಣಿವೆಯ ತಳಕ್ಕೆ ಇಳಿದು, ಅಲ್ಲೊಂದು ಹೆಂಚಿನ ಮಾಡು, ಪಕ್ಕದಲ್ಲಿ ಬಿಳಿಚಿಕೊಂಡ ಅಂಗಳ, ಅದರಾಚೆ ಸಾಲುಸಾಲು ಅಡಿಕೆ ಕಂಡರೆ ಅಲ್ಲಿಗೆ ಮುಗಿಯಿತು ಅಂತಲೇ ತಿಳಿಯಿರಿ. ದಾಟಿ ಹೋಗುವ ದಾರಿ ಸಾಮಾನ್ಯವಾಗಿ ತೋಟಕ್ಕೆ ಇಳಿಯದೆ ಗುಡ್ಡದ ಅರೆಯಲ್ಲೋ ನೆತ್ತಿಯಲ್ಲೋ ಸಾಗುತ್ತೆ, ಹಳ್ಳ ದಾಟುವಲ್ಲಿ ಮೋರಿ ಇರುತ್ತೆ.

ಇನ್ನೊಂದು ಮೋಸ, ಬೆಂಕಿ ರೇಖೆ. ಕಾಳ್ಗಿಚ್ಚು ಹಬ್ಬದಿರಲಿ ಅಂತ ಅರಣ್ಯ ಇಲಾಖೆ ಸವರಿದ ಪಟ್ಟಿ ಮೇಲಿನಿಂದ ಥೇಟ್ ರಸ್ತೆಯ ಹಾಗೇ ಕಾಣುತ್ತೆ. ಆದರೆ ರಸ್ತೆ ಗುಡ್ಡವನ್ನು ಸುತ್ತಿ ಏರುತ್ತೆ, ಬೆಂಕಿ ರೇಖೆ ನೆತ್ತಿಗೆ ನೇರವಾಗಿ ಹತ್ತುತ್ತೆ. ತಿರುವೇ ಇಲ್ಲದ ಗೆರೆ ಕಡಿದಾದ ಗುಡ್ಡದ ಮೇಲಿದ್ದರೆ ಅಳಿಸಿಬಿಡಿ.

ನಾಲ್ಕು ತುಂಡು ಉಳಿದ ಮೇಲೆ ನೆಲದ ದಾಖಲೆ ನೋಡಿ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ತುಂಡುಗೆರೆ, ಕಾಲುದಾರಿಗೆ ಒಂಟಿ ತುಂಡುಗೆರೆ. ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್ ತೆರೆದು ಆ ಜಾಗದ ಮೇಲೆ ಒತ್ತಿದರೆ ಸರ್ವೆ ನಂಬರ್ ಬರುತ್ತೆ. ನಕಾಶೆ ಕಂಡ ಬಂಡಿದಾರಿಯಾದರೆ ಊರವರು ನಿಮ್ಮನ್ನು ತಡೆಯುವ ಸಂದರ್ಭ ಕಡಿಮೆ. ಇಡೀ ದಾರಿ ಒಬ್ಬರದೇ ಸರ್ವೆ ನಂಬರಿನೊಳಗಿದ್ದರೆ ಅದು ಅವರ ತೋಟದ ದಾರಿ, ಕೇಳದೆ ಹೋಗಬೇಡಿ. ಆ್ಯಪ್‌ನ ಗಡಿ ಕೆಲವು ಮೀಟರ್ ಆಚೀಚೆ ಆಗುತ್ತೆ, ಅದನ್ನು ಹಿಡಿದುಕೊಂಡು ಯಾರ ಹತ್ತಿರವೂ ವಾದಕ್ಕೆ ನಿಲ್ಲಬಾರದು.

ಜಲ್ಲಿದಾರಿ:
ಬಹಳ ಉಪಕಾರವಾಯ್ತು. ದಾರಿಗೆ ಅಡ್ಡ ಉಣುಗೋಲು ಹಾಕಿದ್ದರೆ? ಅದು ‘ಬರಬೇಡಿ’ ಅಂತ ಲೆಕ್ಕವೋ?

ಕಾನುಮನೆ:
ಅಲ್ಲ ಮಾರಾಯ್ರೆ, ಉಣುಗೋಲು ಇರುವುದು ದನ ತಡೆಯಲಿಕ್ಕೆ. ಕೋಲುಗಳನ್ನು ಒಂದು ಬದಿಗೆ ಜಾರಿಸಿ, ದಾಟಿ, ಹೇಗಿತ್ತೋ ಹಾಗೇ ಮತ್ತೆ ಹಾಕಿ. ಮೇಲಿನ ಎರಡು ಸಾಕು ಅಂತ ಕೆಳಗಿನದನ್ನು ಬಿಟ್ಟರೆ ಕರು ನುಗ್ಗುತ್ತೆ, ಒಂದು ರಾತ್ರಿಯಲ್ಲಿ ಎಳೆ ಸಸಿ ಖಾಲಿ. ಮುಂದೆ ಬರುವ ಸೈಕಲ್‌ನವರಿಗೆಲ್ಲ ಆ ದಾರಿ ಮುಚ್ಚುವುದು ಹೀಗೇ. ಬೀಗ ಹಾಕಿದ ಕಬ್ಬಿಣದ ಗೇಟಾದರೆ ಮಾತೇ ಇಲ್ಲ, ವಾಪಸ್.

ಅಂಗಳದಲ್ಲಿ ನಾಯಿ ಇದ್ದರೆ ಇಳಿದು, ಸೈಕಲ್ ನಿಮ್ಮ ಮತ್ತು ನಾಯಿಯ ನಡುವೆ ಇಟ್ಟುಕೊಂಡು ನಡೆಯಿರಿ. ಮನೆಯವರನ್ನು ‘ಅಮ್ಮಾ’, ‘ಅಯ್ಯಾ’ ಅಂತ ದೂರದಿಂದಲೇ ಕರೆಯಿರಿ. ಕೇಳುವಾಗ ‘ಇಲ್ಲಿಂದ ದಾರಿ ಇದೆಯಾ’ ಅಂತ ಕೇಳಿದರೆ ‘ಇದೆ’ ಅಂತಾರೆ, ಸಂಕವೂ ದಾರಿಯೇ ತಾನೆ. ‘ಜೀಪು ಆಚೆ ಹೋಗುತ್ತಾ’ ಅಂತ ಕೇಳಿ, ಆಗ ಸರಿಯಾದ ಉತ್ತರ ಸಿಗುತ್ತೆ.

ತುಂಡುಗೆರೆ:
ಏರಿನ ಲೆಕ್ಕ. ಎರಡು ಆ್ಯಪ್ ಎರಡು ಮಾತಾಡುವುದಕ್ಕೆ ಕಾರಣ ಅವುಗಳ ಎತ್ತರದ ದತ್ತಾಂಶ, ಮತ್ತು ಅದನ್ನು ಎಷ್ಟು ನಯಗೊಳಿಸುತ್ತವೆ ಅನ್ನುವುದು. ಹಲವು ಆ್ಯಪ್‌ಗಳ ಮೂಲ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಅಳತೆ. ಅದರ ಚೌಕ ಸುಮಾರು 30 ಮೀಟರಿನದು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲ ಮುಟ್ಟುವುದಿಲ್ಲ, ಮರದ ತಲೆಯ ಹತ್ತಿರವೇ ಹಿಂದಿರುಗುತ್ತೆ. ಕಾಡಿನಿಂದ ಗದ್ದೆ ಬಯಲಿಗೆ ಬಂದ ಕೂಡಲೇ ನಕ್ಷೆಯಲ್ಲಿ ಹತ್ತಾರು ಮೀಟರ್ ‘ಇಳಿಜಾರು’, ಮತ್ತೆ ಕಾಡು ಹೊಕ್ಕರೆ ‘ಏರು’.

ಎರಡನೆಯ ಕಾರಣ, ಧರೆ (ಗುಡ್ಡದ ಮಗ್ಗುಲು) ಕಡಿದು ಮಾಡಿದ ದಾರಿ. 30 ಡಿಗ್ರಿ ಇಳುಕಲಿನಲ್ಲಿ ನೀವು ಎಳೆದ ಗೆರೆ 10 ಮೀಟರ್ ಪಕ್ಕಕ್ಕೆ ಸರಿದರೆ ಎತ್ತರ ಸುಮಾರು 6 ಮೀಟರ್ ತಪ್ಪುತ್ತೆ. ಗೆರೆ ಆಚೀಚೆ ಓಲಾಡಿದಷ್ಟೂ ಸುಳ್ಳು ಏರು ಸೇರಿಕೊಳ್ಳುತ್ತೆ. ನಿಮ್ಮ 25% ಬಹುಶಃ ಇದೇ.

ಸರಿಪಡಿಸುವುದು ಹೀಗೆ: ಗೆರೆಯನ್ನು ಉಪಗ್ರಹ ಚಿತ್ರದ ದಾರಿಯ ಮೇಲೇ ಕೂರುವಂತೆ ಬಿಂದು ಬಿಂದು ಸರಿಸಿ. 300 ಮೀಟರಿಗಿಂತ ಚಿಕ್ಕ ತುಂಡಿನ ಏರಿನ ಪ್ರಮಾಣ ನಂಬಬೇಡಿ. ಅನುಮಾನ ಬಂದಲ್ಲಿ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದು ಸಮೋನ್ನತ ರೇಖೆ (ಒಂದೇ ಎತ್ತರದ ಜಾಗ ಜೋಡಿಸುವ ಗೆರೆ) ಎಣಿಸಿ. ರೇಖೆಯಿಂದ ರೇಖೆಗೆ 20 ಮೀಟರ್. 1.4 ಕಿ.ಮೀ. ದಾರಿಯಲ್ಲಿ 7 ಅಂತರ ದಾಟಿದರೆ 140 ಮೀಟರ್, ಅಂದರೆ 10%. ಕೈಲೆಕ್ಕವೇ ಇಲ್ಲಿ ಹೆಚ್ಚು ನಂಬಿಕಸ್ಥ.

ಆ ಏರಿಗೆ ನಿಮ್ಮ ಗೇರು ಭಾರ. ಮುಂದೆ 40, ಹಿಂದೆ 42 ಹಲ್ಲಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.5 ಕಿ.ಮೀ. ವೇಗ. 12% ಮಣ್ಣೇರಿನಲ್ಲಿ ನಿಮ್ಮ ತೂಕಕ್ಕೆ ಅದು 230 ವಾಟ್ ದಾಟುತ್ತೆ, ಅರ್ಧ ಗಂಟೆ ಯಾರ ಕಾಲೂ ಸುಮ್ಮನೆ ಕೊಡುವುದಿಲ್ಲ. ಮುಂದೆ 36 ಹಲ್ಲು ಹಾಕಿಸಿ, ಚೈನಿನಲ್ಲಿ ಒಂದು ಜೋಡಿ ಕೊಂಡಿ ತೆಗೆಸಿ.

ಪ್ಯಾಡುಪರೀಕ್ಷೆ:
ಬ್ರೇಕಿಗೆ ಬರೋಣ. ಹ್ಯಾಂಡಲ್ ಹತ್ತಿರದ ಬ್ಯಾರಲ್ ಸ್ಕ್ರೂ ತಿರುಗಿಸಿ ತಿರುಗಿಸಿ ಕೇಬಲ್ ಬಿಗಿ ಮಾಡುತ್ತಿದ್ದೀರಾ? ಹಾಗಿದ್ದರೆ ಅಲ್ಲೇ ಇದೆ ತೊಂದರೆ. ಪ್ಯಾಡು ಸವೆದದ್ದನ್ನು ಕೇಬಲ್‌ನಿಂದ ತುಂಬಿದರೆ ಕ್ಯಾಲಿಪರ್ (ಪ್ಯಾಡ್ ಹಿಡಿದು ಒತ್ತುವ ಭಾಗ) ತೋಳು ಅರ್ಧ ದಾರಿ ಮೊದಲೇ ಎದ್ದಿರುತ್ತೆ, ಒತ್ತಲು ಉಳಿಯುವುದು ಸ್ವಲ್ಪವೇ. ಕೇಬಲ್ ಸಡಿಲಿಸಿ, ತೋಳು ಪೂರ್ತಿ ಹಿಂದಕ್ಕೆ ಬಿಟ್ಟು, ಪ್ಯಾಡನ್ನು ಕ್ಯಾಲಿಪರಿನ ಸ್ಕ್ರೂನಿಂದಲೇ ರೋಟರ್ ಹತ್ತಿರ ತನ್ನಿ, ರೋಟರ್ ಉಜ್ಜದಷ್ಟು. ಆಮೇಲೆ ಕೇಬಲ್ ಬಿಗಿಯಿರಿ.

ಪ್ಯಾಡ್ ಬಿಚ್ಚಿ ನೋಡಿ. ಲೋಹದ ತಗಡಿನ ಮೇಲೆ ಉಜ್ಜುವ ಪದರ 0.5 ಮಿ.ಮೀ.ಗೆ ಬಂದಿದ್ದರೆ ಬದಲಿಸಿ. ಒದ್ದೆ ಕೆಮ್ಮಣ್ಣು ಅಂದರೆ ಉಪ್ಪುಕಾಗದ ಇದ್ದ ಹಾಗೆ, ರೆಸಿನ್ ಪ್ಯಾಡ್ ಬೇಗ ತಿನ್ನುತ್ತೆ. ಸಿಂಟರ್ಡ್ (ಲೋಹದ ಪುಡಿಯ) ಪ್ಯಾಡ್ ಹೆಚ್ಚು ಬಾಳುತ್ತೆ, ಆದರೆ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಕೆತ್ತಿದ್ದರೆ ಹಾಕುವಂತಿಲ್ಲ. ಹೊಸದು ಹಾಕಿದ ಮೇಲೆ ಗಂಟೆಗೆ 20–25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುವುದನ್ನು ಇಪ್ಪತ್ತು ಸಲವಾದರೂ ಮಾಡಿ, ಚಕ್ರ ಲಾಕ್ ಆಗಬಾರದು.

50 ಪಿಎಸ್‌ಐ ಯಾಕೆ? ಟ್ಯೂಬ್‌ಲೆಸ್ 40ಕ್ಕೆ ಮುಂದೆ 30, ಹಿಂದೆ 33 ಸಾಕು. ಗಟ್ಟಿ ಟೈರ್ ಬಿಡಿ ಜಲ್ಲಿಯ ಮೇಲೆ ಪುಟಿಯುತ್ತೆ, ಹಿಡಿತ ಹೋಗುತ್ತೆ, ಬ್ರೇಕ್ ಹಿಡಿದದ್ದೂ ವ್ಯರ್ಥ. ಸೀಲಂಟ್ (ತೂತು ಮುಚ್ಚುವ ದ್ರವ) ಚಕ್ರಕ್ಕೆ 60–80 ಮಿ.ಲೀ., ನಮ್ಮ ಸೆಕೆಗೆ ಎರಡು ತಿಂಗಳಿಗೊಮ್ಮೆ ತೆರೆದು ನೋಡಿ. ರಸ್ತೆ ಕೆಲಸಕ್ಕೆ ಸುರಿದ ದಪ್ಪ ಜಲ್ಲಿ ಟೈರಿನ ಪಕ್ಕ ಸೀಳುತ್ತೆ, ಸೀಲಂಟ್ ಅದನ್ನು ಮುಚ್ಚಲ್ಲ. ಹಳೆ ಟೈರಿನ ಬೆರಳುದ್ದದ ತುಂಡು, ಒಂದು ಟ್ಯೂಬು ಚೀಲದಲ್ಲಿರಲಿ.

ಕಾನುಮನೆ:
ಯಾವಾಗ ಹೋಗುತ್ತೀರಿ ಅಂತ ಬರೆದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಜಂಬಿಟ್ಟಿಗೆಯ ಮೇಲೆ ಹಾವಸೆ ಕಟ್ಟಿರುತ್ತೆ, ಯಾವ ಟೈರೂ ನಿಲ್ಲಲ್ಲ, ಧರೆ ಜಾರುತ್ತೆ. ನವೆಂಬರ್, ಡಿಸೆಂಬರ್ ಶುರು ಒಳ್ಳೆಯದು: ಮಣ್ಣು ಕೂತಿರುತ್ತೆ, ಧೂಳು ಎದ್ದಿರಲ್ಲ. ಅಡಿಕೆ ಕೊಯ್ಲಿನ ಕಾಲ, ಪಿಕಪ್ ಗಾಡಿ ಎದುರು ಬರುತ್ತೆ, ತಿರುವಿನಲ್ಲಿ ಬೆಲ್ ಮಾಡಿ.

ಜನವರಿಯಿಂದ ಏಪ್ರಿಲ್ ದಾರಿ ಒಣಗಿ ಚೆನ್ನಾಗಿರುತ್ತೆ, ಆದರೆ ಮಂಗನ ಕಾಯಿಲೆ ಹೆಚ್ಚುವುದೂ ಆಗಲೇ. ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ರೋಗ, ಹರಡುವುದು ಉಣುಗಿನಿಂದ (ಉಣ್ಣೆ ಹುಳ). ತರಗೆಲೆಯ ಮೇಲೆ ಕೂರಬೇಡಿ, ಸೈಕಲನ್ನು ಹಳುವಿಗೆ ಒರಗಿಸಬೇಡಿ. ಉದ್ದ ಸಾಕ್ಸ್ ಹಾಕಿ, ಆರೋಗ್ಯ ಕೇಂದ್ರದಲ್ಲಿ ಉಣುಗು ದೂರವಿಡುವ ಡೀಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಸಂಜೆ ಬಟ್ಟೆ ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿಕೊಳ್ಳಿ, ಮರಿ ಉಣುಗು ಸಾಸಿವೆಗಿಂತ ಸಣ್ಣದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆ’ ಅಂತ ಮೊದಲೇ ಹೇಳಿ.

ಮಾರ್ಗವನ್ನು ಶೆಟ್ಟಿಹಳ್ಳಿ ಕಡೆಗೋ ಆಗುಂಬೆ ಕೆಳಗಿನ ಸೋಮೇಶ್ವರದ ಕಡೆಗೋ ಬೆಳೆಸಿದರೆ ಅದು ವನ್ಯಜೀವಿಧಾಮ. ಸಾರ್ವಜನಿಕ ರಸ್ತೆ ಬಿಟ್ಟು ಒಳಗಿನ ದಾರಿಗೆ ಅನುಮತಿ ಬೇಕು, 1972ರ ಕಾಯ್ದೆ ಸೈಕಲ್ಲಿಗೂ ಒಂದೇ.

ಜಲ್ಲಿದಾರಿ:
ಬ್ಯಾರಲ್ ಸ್ಕ್ರೂನದೇ ತೊಂದರೆ, ತೋಳು ಅರ್ಧಕ್ಕೆ ಎದ್ದಿತ್ತು. ಮಾರ್ಗದಲ್ಲಿ ತೋಟಕ್ಕಿಳಿಯುವ ಮೂರು ತುಂಡು ತೆಗೆದೆ, ಟಾರು 9 ಕಿ.ಮೀ. ಹೆಚ್ಚಾಯ್ತು. ಈಗ ಒಂದೇ ಪ್ಯಾಡ್ ಸವೆದಿದೆ, ಒಳಗಿನದು. ಹೊರಗಿನದು ಹೊಸದರ ಹಾಗಿದೆ.

ಪ್ಯಾಡುಪರೀಕ್ಷೆ:
ನಿಮ್ಮದರಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತೆ ಅಂತಾದರೆ, ಒಳಗಿನದು ರೋಟರಿಗೆ ತೀರಾ ಹತ್ತಿರ ಇದ್ದು ಸದಾ ಉಜ್ಜುತ್ತಿದೆ. ಎರಡೂ ಒಟ್ಟಿಗೆ ಬದಲಿಸಿ. ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ರೋಟರ್ ಮತ್ತು ಒಳಪ್ಯಾಡಿನ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು, ಲಿವರ್ ಹಿಡಿದು ಬೋಲ್ಟ್ ಸರದಿಯಲ್ಲಿ ಬಿಗಿಯಿರಿ. ಕಾರ್ಡ್ ತೆಗೆದ ಮೇಲೆ ಚಕ್ರ ಎತ್ತಿ ತಿರುಗಿಸಿ, ಒಂದು ಸುತ್ತಿನಲ್ಲಿ ಒಂದೇ ಕಡೆ ‘ಚಿರ್ರ್’ ಅಂದರೆ ರೋಟರ್ ಬಾಗಿದೆ, ಆ ಜಾಗ ಗುರುತು ಮಾಡಿ ಅಂಗಡಿಯಲ್ಲಿ ನೇರ ಮಾಡಿಸಿ. ಆಮೇಲೆ ಹೊರಗಿನದು ಬೇಗ ಸವೆದರೆ ಕೇಬಲ್ ಹೊರಕವಚದೊಳಗೆ ಕೆಸರು ಕೂತು ತೋಳು ಪೂರ್ತಿ ಹಿಂದಿರುಗುತ್ತಿಲ್ಲ, ಕೇಬಲ್ ಮತ್ತು ಕವಚ ಎರಡನ್ನೂ ಹೊಸದು ಹಾಕಿ.