ಹಳೇ ಟಾಟಾ ಎಸ್ಟೇಟ್ ಕಾರನ್ನ ಓಡಿಸ್ಕೊಂಡು ಕೂಟಕ್ಕೆ ಹೋಗ್ಲಾ, ಲಾರಿ ಮೇಲೆ ಹಾಕ್ಸಲಾ? ಅನುಭವ ಇರೋರು ಹೇಳಿ

ತುಮಕೂರು ತೆಂಗು: ಮಾವನವರ 1995ರ ಟಾಟಾ ಎಸ್ಟೇಟ್ ನನ್ನ ಕೈಗೆ ಬಂದಿದೆ. ಮೂರು ವರ್ಷ ಕಾಯಿ ಶೆಡ್ಡಲ್ಲಿ ನಿಂತಿತ್ತು. ಹೊಸ ಬ್ಯಾಟರಿ ಹಾಕಿದ ಮೇಲೆ ಸ್ಟಾರ್ಟ್ ಆಯ್ತು, ಊರೊಳಗೆ ಹತ್ತು ಕಿಲೋಮೀಟರ್ ಓಡಿಸಿದೀನಿ. ಆರ್‌ಸಿ ಅವಧಿ ಮುಗಿದು ಎರಡು ತಿಂಗಳಾಯ್ತು, ಮಾಡಿಸಬೇಕು. ಚಿಕ್ಕಮಗಳೂರಿನ ಹತ್ರ ಒಂದು ತೋಟದಲ್ಲಿ ಹಳೇ ಸ್ಟೇಷನ್ ವ್ಯಾಗನ್ (ಹಿಂದೆ ಸಾಮಾನಿಗೆ ಉದ್ದ ಜಾಗ ಇರೋ ಕಾರು, ಎಸ್ಟೇಟ್ ಅಂದ್ರೂ ಅದೇ) ಇಟ್ಕೊಂಡಿರೋರೆಲ್ಲ ಮುಂದಿನ ತಿಂಗಳು ಸೇರ್ತಿದಾರೆ, ನನ್ನನ್ನೂ ಕರೆದಿದಾರೆ. ತಿಪಟೂರು, ಅರಸೀಕೆರೆ, ಕಡೂರು ಮೇಲೆ ಹೋಗೋದು. ಹೆಂಡ್ತಿ, ಇಬ್ಬರು ಮಕ್ಕಳು ಜೊತೆಗೆ. ಓಡಿಸ್ಕೊಂಡು ಹೋಗ್ಲಾ, ಫ್ಲ್ಯಾಟ್‌ಬೆಡ್ ಲಾರಿ ಮಾಡ್ಲಾ?

ಬಿಳಿ ಎಸ್ಟೇಟ್, ಮೈಸೂರು: ಓಡಿಸಿ ಸಾರ್, ಇದರಲ್ಲಿ ಕೇಳೋದೇನಿದೆ. ನಂದು 1993ರದ್ದು. 2019ರಲ್ಲಿ 85 ಸಾವಿರಕ್ಕೆ ತಗೊಂಡೆ, ಇವತ್ತಿಗೆ ಅದರ ಮೇಲೆ ಸುರಿದಿರೋದು 4 ಲಕ್ಷ 12 ಸಾವಿರ. ಮನೇಲಿ ಹೇಳಿರೋದು ಒಂದೂವರೆ. ಮೊದಲನೇ ಸಲ ಮಡಿಕೇರಿಗೆ ಹೊರಟಾಗ ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡ್ಸಿದೀನಿ ಅಂತ ಧೈರ್ಯ. ಸೋರೋ ಟ್ಯೂಬಿಗೆಲ್ಲ ಆ ಅಂಗಡಿಯವನು ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದ, ನೀರು ಹರಿಯೋಕೆ ದಾರಿನೇ ಕಮ್ಮಿ, ಆದ್ರೂ ಬಾಯೇ ಬಿಡಲಿಲ್ಲ. ಹುಣಸೂರು ದಾಟ್ತಿದ್ದಂಗೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು. ನಿಲ್ಲಿಸಿ ಬಾನೆಟ್ ಎತ್ತಿದರೆ ಮೇಲಿನ ಹೋಸ್ ಪೈಪು ಹೆಬ್ಬಾವು ಆಡು ನುಂಗಿದಂಗೆ ಉಬ್ಬಿದೆ. ಇಂಜಿನ್ ಹೆಡ್ ಬಾಗಿತ್ತು. ಹೆಡ್ ಫೇಸಿಂಗ್ 2,800, ಗ್ಯಾಸ್ಕೆಟ್ ಸೆಟ್ 3,400, ಹಂಗೇ ಡೀಸೆಲ್ ಪಂಪು ನಾಜಲ್ಲೂ ಮಾಡ್ಸಿಬಿಡಿ ಅಂದ್ರು, 14,600. ಹೊಸ ರೇಡಿಯೇಟರ್ ಕೋರ್ 9,500. ಎರಡು ರಾತ್ರಿ ಲಾಡ್ಜು 1,800. ಚಿಕ್ಕಪ್ಪನ ಮಗನ ಮದುವೆ ತಪ್ಪಿದ್ದಕ್ಕೆ ಲೆಕ್ಕ ಹಾಕಿಲ್ಲ, ಚಿಕ್ಕಮ್ಮ ಇವತ್ತಿಗೂ ಹಾಕ್ತಾರೆ. ಅಷ್ಟಾದ ಮೇಲೂ ಹೇಳ್ತೀನಿ, ಆ 1,948 ಸಿಸಿ ಡೀಸೆಲ್ ಇಂಜಿನ್ನನ್ನ ಅರವತ್ತರಲ್ಲಿ ಇಟ್ಟು ಕಿಟಕಿ ಇಳಿಸ್ಕೊಂಡು ಹೋಗೋ ಸುಖ ಲಾರಿ ಹಿಂದೆ ಜೀಪಲ್ಲಿ ಹೋಗೋರಿಗೆ ಗೊತ್ತಾಗಲ್ಲ.

ಮಾಂಟೆಗೊ, ಹುಬ್ಬಳ್ಳಿ: ಕಡೀ ಸಾಲು ಯಾರಿಗೆ ಅಂತ ತಿಳೀತ್ರಿ. ಹೌದ್ರಿ, ಹೋದ ಸಲ ಕೂಟಕ್ಕ ನಾ ಲಾರಿ ಮ್ಯಾಲೆ ಹಾಕ್ಕೊಂಡ ಬಂದಿದ್ದೆ, ನಾಚಿಕಿ ಏನೂ ಇಲ್ಲ. ನಂದು ರೋವರ್ ಮಾಂಟೆಗೊ ಎಸ್ಟೇಟ್, ಸಿಪಾನಿ ಕಂಪನಿಯವ್ರು ಬೆಂಗಳೂರಾಗ ಜೋಡಿಸಿ ಮಾರಿದ್ದು. ನಿಮ್ಮ ಗಾಡೀದು ಸಾಮಾನು ಹಳೇ ಟಾಟಾ ಪಿಕಪ್ಪಿಂದರ ಬಿಚ್ಚಿ ಹಾಕಬಹುದು, ನಮ್ದು ಎಲ್ಲಿಂದ ತರೂದು? ಟೈಮಿಂಗ್ ಬೆಲ್ಟ್ ಇಂಗ್ಲೆಂಡಿಂದ ತರಿಸೀನಿ. ಬೆಲ್ಟು 1,900, ಕೊರಿಯರ್ 4,200, ಮ್ಯಾಲೆ ಕಸ್ಟಮ್ಸು. ಭಾರ ಬಿದ್ದಾಗ ಹಿಂದಿಂದು ತಾನ ಎದ್ದು ಸಮ ಆಗೂ ಶಾಕ್ ಅಬ್ಸಾರ್ಬರ್ ಬರ್ತಾವ ಅದಕ್ಕ. ಒಂದು ಸೋರಾಕ ಹತ್ತಿತು, ಆರ್ ತಿಂಗಳು ಹುಡುಕಿದೆ, ಕಡೀಗೆ ಬ್ಯಾರೆ ಶಾಕ್ ಕೂಡಿಸಿ ಲೇತಿನ್ಯಾಗ ಬುಷ್ ಮಾಡಿಸಿದೆ. ಈಗ ಖಾಲಿ ಇದ್ರೂ ನಾಯಿ ಕುಂತಂಗ ಕುಂಡಿ ಊರಿ ನಿಂದರ್ತೈತಿ.

ಲಾರಿಗೆ ಹೋಗಾಕ ಬರಾಕ 31,000 ಕೊಟ್ಟೆ. ಅದೂ ಸುಖಾ ಇಲ್ಲ. ಹುಡುಗ ಗಾಲಿಗೆ ಬೆಲ್ಟ್ ಬಿಗಿಯೂದು ಬಿಟ್ಟು ಬಂಪರಿಗೆ ಹಗ್ಗಾ ಕಟ್ಟಿದ್ದ. ರಾಣೇಬೆನ್ನೂರ ಹತ್ರ ಚಾ ಕುಡ್ಯಾಕ ಇಳದ್ರ ಬಂಪರ್ ಒಂದ ಕಡೆ ಜೋತ ಬಿದ್ದಿತ್ತು. ನಿಮಗ ಹೇಳೂದಿಷ್ಟ, ಲಾರಿ ಮಾಡ್ರಿ, ಕಟ್ಟೂಮುಂದ ಮಗ್ಗಲದಾಗ ನಿಂದರ್ರಿ.

ಆಲ್ಟುರಾ 2001, ಬೆಂಗಳೂರು: ನನ್ನ ಮಾರುತಿ ಬಲೇನೊ ಆಲ್ಟುರಾ, ಅಂದ್ರೆ ಹಳೇ ಬಲೇನೊ ಸೆಡಾನಿನ ವ್ಯಾಗನ್ ಮಾಡೆಲ್, 2 ಲಕ್ಷ 70 ಸಾವಿರ ಕಿಲೋಮೀಟರ್ ಆಗಿದೆ, ಲಾರಿ ಹತ್ತಿಲ್ಲ. ಗೋಕರ್ಣ, ಹಂಪಿ, ಎರಡು ಸಲ ತಿರುಪತಿ. ಮೇಲೆ ಕ್ಯಾರಿಯರ್, ಒಳಗೆ ಅಮ್ಮನ ವೀಲ್‌ಚೇರು. ಮುಂದಿನ ಭಾಗಕ್ಕೆ ಸೆಡಾನ್ ಬಲೇನೊ ಸಾಮಾನು ಹಿಡಿಸುತ್ತೆ. ಕಷ್ಟ ಇರೋದು ಹಿಂದೆ. 2022ರಲ್ಲಿ ಆಟೋದವನು ಗುದ್ದಿ ಎಡಗಡೆ ಟೈಲ್ ಲ್ಯಾಂಪ್ ಒಡೀತು. ಶಿವಾಜಿನಗರ ಗುಜರಿ, ಎಸ್‌ಜೆಪಿ ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಎಲ್ಲ ಕಡೆ ಸೆಡಾನ್‌ದೇ ತೋರಿಸ್ತಾರೆ. ಹನ್ನೊಂದು ತಿಂಗಳು ಕೆಂಪು ಅಕ್ರಿಲಿಕ್ ಶೀಟ್ ಅಂಟಿಸ್ಕೊಂಡು ಓಡಿಸಿದೀನಿ. ಆಮೇಲೆ ಕೊಯಮತ್ತೂರಲ್ಲಿ ಗುಜರಿಗೆ ಹೋಗಿದ್ದ ಗಾಡಿಯಿಂದ ಎರಡೂ ಕಡೇದು ಕಿತ್ತುಸ್ಕೊಂಡು ಬಂದೆ, ಜೋಡಿ 7,000. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದಿದೀನಿ, ಮಗು ಥರ.

ಬಿಳಿ ಎಸ್ಟೇಟ್, ಮೈಸೂರು: ಕೇಳಿರೋದು ಹಳೇ ವ್ಯಾಗನ್ ಬಗ್ಗೆ. ಇಂಜೆಕ್ಷನ್ ಪೆಟ್ರೋಲ್ ಗಾಡಿ ಎಲ್ಲಿಂದ ಕ್ಲಾಸಿಕ್ ಆಯ್ತು? ನಾಳೆ ಟಾಟಾ ಇಂಡಿಗೊ ಮರೀನಾ ವ್ಯಾಗನ್‌ನವರೂ ಬರ್ತಾರೆ.

ಆಲ್ಟುರಾ 2001, ಬೆಂಗಳೂರು: ಮರೀನಾ 2004ರದ್ದು, ಬಂದ್ರೆ ಏನೀಗ? ನಿಮ್ಮದು ಮಾತ್ರ ಕ್ಲಾಸಿಕ್ಕಾ? ಪಿಕಪ್‌ಗೆ ಗಾಜಿನ ಮನೆ ಕಟ್ಟಿದ್ದು ಅದು. ಸರ್ಕಾರದ ಲೆಕ್ಕದಲ್ಲಿ 50 ವರ್ಷ ಆದ್ರೇನೇ ವಿಂಟೇಜ್, 2021ರ ನಿಯಮ. ನಿಮ್ಮದಕ್ಕೆ 2043ಕ್ಕೆ ಬನ್ನಿ.

ಬಿಳಿ ಎಸ್ಟೇಟ್, ಮೈಸೂರು: ಪಿಕಪ್ ಅಂತೆ. ಟಾಟಾದವರು ಅದರಲ್ಲಿ ಪವರ್ ವಿಂಡೋ ಕೊಟ್ಟಾಗ ನಿಮ್ಮ ಮನೇಲಿ ಯಾವ ಗಾಡಿ ಇತ್ತು ಸ್ವಾಮಿ?

ಆಲ್ಟುರಾ 2001, ಬೆಂಗಳೂರು: ಬಜಾಜ್ ಸ್ಕೂಟರ್. ಅದು ದಾರೀಲಿ ನಿಂತಿಲ್ಲ.

ಡಾಲ್ಫಿನ್ ಇತ್ತು: ಸಿಪಾನಿ ಅಂದ್ರಲ್ಲ, ಮನಸ್ಸಿಗೆ ಒಂಥರಾ ಆಯ್ತು. ನಮ್ಮಪ್ಪನ ಹತ್ರ ಸಿಪಾನಿ ಡಾಲ್ಫಿನ್ ಇತ್ತು, ಫೈಬರ್ ಬಾಡಿ, 848 ಸಿಸಿ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಸ್ಟೇಟ್‌ನೇ ಇಲ್ಲಿ ಮಾಡಿದ್ದು, ಹಾಗಾಗಿ ಅದೂ ವ್ಯಾಗನ್ನೇ, ಯಾರೂ ಎಣಿಸಲ್ಲ ಅಷ್ಟೇ. ತುಕ್ಕು ಅನ್ನೋದೇ ಇಲ್ಲ, ಆದ್ರೆ ಹಸು ಒರಗಿದ್ರೆ ಬಿರುಕು. 2006ರಲ್ಲಿ ಅಪ್ಪ 8,000ಕ್ಕೆ ಗುಜರಿಗೆ ಕೊಟ್ರು. ಗುಜರಿಯವನು ಬಾಡಿ ಬೇಡ, ಫೈಬರ್‌ಗೆ ತೂಕದ ಬೆಲೆ ಇಲ್ಲ ಅಂತ ಇಂಜಿನ್, ಚಾಸಿಸ್ ಒಯ್ದು ಉಳಿದಿದ್ದನ್ನ ನಮ್ಮನೆ ಮುಂದೇನೇ ಬಿಟ್ಟು ಹೋದ. ಅದರಲ್ಲಿ ಕೋಳಿ ಸಾಕಿದ್ವಿ. ಇರೋರು ಮಾರಬೇಡಿ.

ಮಾಂಟೆಗೊ, ಹುಬ್ಬಳ್ಳಿ: ಕೋಳಿ ಗೂಡಿನ ಫೋಟೋ ಇದ್ರ ಹಾಕ್ರಿ, ಹಿಂದಿನ ಬಾಗಲಾ ಹೆಂಗಿತ್ತು ನೋಡೂದೈತಿ.

ಎಫ್‌ಸಿ ಸಂತ್ರಸ್ತ: ತುಮಕೂರಿನವರೇ, ಆರ್‌ಸಿ ಮುಗಿದಿದೆ ಅಂತ ನೀವೇ ಬರೆದಿದೀರಿ, ಯಾರ ಕಣ್ಣಿಗೂ ಬಿದ್ದಿಲ್ಲ. ಆ ಗಾಡೀಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಹೋಗಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ತಲೆ ಎತ್ತಿ ನೋಡಲ್ಲ. ಆರ್‌ಸಿ ನವೀಕರಣಕ್ಕೆ ಮೊದಲು ಎಫ್‌ಸಿ, ಅಂದ್ರೆ ಗಾಡಿ ಫಿಟ್‌ನೆಸ್ ಪರೀಕ್ಷೆ, ಆಗಬೇಕು. ನನ್ನದು ಅದಕ್ಕೆ ಮೂರು ಸಲ ಹೋಯ್ತು. ಒಂದ್ಸಲ ಹೊಗೆ, ಒಂದ್ಸಲ ಹ್ಯಾಂಡ್‌ಬ್ರೇಕು, ಒಂದ್ಸಲ ನಂಬರ್ ಪ್ಲೇಟ್. ಪ್ರತೀ ಸಲ ಅರ್ಧ ದಿನ ರಜೆ. ಬ್ರೋಕರ್‌ಗೆ 6,500, ಅವನಿಂದ ಆದ ಕೆಲಸ ಏನು ಅಂತ ಈಗಲೂ ಗೊತ್ತಿಲ್ಲ.

ಬಿಳಿ ಎಸ್ಟೇಟ್, ಮೈಸೂರು: ನವೀಕರಣಕ್ಕೆ 5,000 ಅಷ್ಟೇ, ಹೆದರಿಸಬೇಡಿ.

ಎಫ್‌ಸಿ ಸಂತ್ರಸ್ತ: ಅದು 2022ರ ರೇಟು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿಂದ 10,000. ಗ್ರೀನ್ ಟ್ಯಾಕ್ಸ್ ಬೇರೆ. ಕಟ್ಟಿರೋನು ನಾನು.

ತುಮಕೂರು ತೆಂಗು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಆರ್‌ಸಿ ಆಗೋವರೆಗೂ ಫ್ಲ್ಯಾಟ್‌ಬೆಡ್ ಅಂತನಾ? ಇನ್ನೊಂದು, ಹಿಂದಿನ ಬಾಗಿಲು ಎತ್ತಿದ್ರೆ ನಿಲ್ಲಲ್ಲ, ದೊಣ್ಣೆ ಕೊಟ್ಟು ನಿಲ್ಲಿಸ್ತೀನಿ. ಬಾಗಿಲು ಎತ್ತಿ ಹಿಡಿಯೋ ಗ್ಯಾಸ್ ಶಾಕು ಎಲ್ಲಿ ಸಿಗುತ್ತೆ?

ಬಿಳಿ ಎಸ್ಟೇಟ್, ಮೈಸೂರು: ಹಳೇದನ್ನ ಬಿಚ್ಚಿ ಎಸ್‌ಜೆಪಿ ರೋಡಿಗೆ ಹಿಡ್ಕೊಂಡು ಹೋಗಿ, ಉದ್ದ ಅಳೆದು ಕೊಡ್ತಾರೆ. ಜಾಸ್ತಿ ಬಿಗಿ ಇರೋದು ತಗೋಬೇಡಿ, ನನ್ನದು ಹಿಂಜ್ ಕಿತ್ಕೊಂಡು ಬಂದು ಟಿಂಕರಿಂಗ್‌ಗೆ 5,200 ಆಯ್ತು. ಆಲ್ಟುರಾದವರೇ, ನೀವು ಜೋಡಿ ತಂದ್ರಿ ಅಂದ್ರಲ್ಲ, ಒಡೆದಿದ್ದು ಎಡಗಡೇದು. ಹಂಗಾದ್ರೆ ಬಲಗಡೇದು ಒಂದು ಹೆಚ್ಚಿಗೆ ಇದೆ. ನಮ್ಮ ಷಡ್ಡಕಂದೂ ಆಲ್ಟುರಾನೇ, ಕೊಡ್ತೀರಾ?

ಆಲ್ಟುರಾ 2001, ಬೆಂಗಳೂರು: ಕ್ಲಾಸಿಕ್ ಅಲ್ಲದ ಗಾಡೀದು ನಿಮಗ್ಯಾಕೆ?

ಬಿಳಿ ಎಸ್ಟೇಟ್, ಮೈಸೂರು: 4,000.

ಆಲ್ಟುರಾ 2001, ಬೆಂಗಳೂರು: ಕೂಟಕ್ಕೆ ಬರ್ತೀರಲ್ಲ, ಷಡ್ಡಕರನ್ನೇ ಕರ್ಕೊಂಡು ಬನ್ನಿ. ಅವರ ಜೊತೆ ಮಾತಾಡ್ತೀನಿ.