ಆಟದ ಮೇಜಿನಲ್ಲಿ ಯಾರ ಗಮನವೂ ನಿಲ್ಲುತ್ತಿಲ್ಲ, ಡಿಎಂ ಆಗಿ ನಾನೇನು ಮಾಡಲಿ?

ಕಂದೀಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಎಂಟು ತಿಂಗಳಿಂದ ಒಂದು ಕ್ಯಾಂಪೇನ್, ಅಂದರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಒಂದು ಕಥೆ, ನಡೆಸುತ್ತಿದ್ದೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ, 2014ರ ನಿಯಮಗಳು. ಒಬ್ಬೊಬ್ಬರೂ ಒಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕಥೆಯನ್ನು ಆಡುವ ಆಟ ಇದು; ಕಥೆ ಹೇಳಿ, ಶತ್ರುಗಳನ್ನೂ ಉಳಿದ ಪಾತ್ರಗಳನ್ನೂ ಆಡಿಸುವುದು ಡಿಎಂ (ಡಂಜನ್ ಮಾಸ್ಟರ್) ಕೆಲಸ. ಆಟಗಾರರು ಐದು ಜನ, ಎಲ್ಲರ ಪಾತ್ರಗಳೂ 7ನೇ ಲೆವೆಲ್. ಹದಿನೈದು ದಿನಕ್ಕೊಮ್ಮೆ ಸೇರಿ ನಾಲ್ಕು ಗಂಟೆ ಆಡುತ್ತೇವೆ. ಐವರೂ ಈ ಆಟ ಶುರುವಾಗುವ ಮೊದಲಿನಿಂದ ನನ್ನ ಗೆಳೆಯರು. ಅದಕ್ಕೇ ಈ ವಿಷಯ ಎತ್ತೋದು ನನಗೆ ಕಷ್ಟವಾಗಿದೆ.

ಕಳೆದ ಸೆಷನ್‌ನಲ್ಲಿ ನಡೆದದ್ದು ಇದು. ಮೊದಲ ದಿನದಿಂದ ಪಾರ್ಟಿಗೆ (ಆಟಗಾರರ ಪಾತ್ರಗಳ ತಂಡಕ್ಕೆ) ದಾರಿ ತೋರಿಸುತ್ತಿದ್ದ ಮುದುಕನೊಬ್ಬ ಅವರನ್ನು ಶತ್ರುಗಳಿಗೆ ಹಿಡಿದುಕೊಡುತ್ತಾನೆ. ಎರಡು ವಾರ ಕೂತು ಆ ದೃಶ್ಯ ಬರೆದಿದ್ದೆ. ಓದಿ ಮುಗಿಸಿದಾಗ ಒಬ್ಬ ತಲೆ ಎತ್ತಿ, "ಈ ಮುದುಕ ಯಾರು?" ಅಂತ ಕೇಳಿದ. ಅವನ ಕೈಯಲ್ಲಿ ಫೋನ್ ಇತ್ತು. ಇನ್ನೊಬ್ಬ ಡೈಸ್‌ಗಳನ್ನು ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟುತ್ತಿದ್ದ. ಇಬ್ಬರು ಬೇರೆ ಯಾವುದೋ ಮಾತಿನಲ್ಲಿದ್ದರು. ಕೇಳುತ್ತಿದ್ದವಳು ಒಬ್ಬಳೇ. ಮನೆಗೆ ಹೋದ ಮೇಲೂ ಮನಸ್ಸಿಗೆ ತುಂಬಾ ಬೇಜಾರಾಗಿತ್ತು.

ಹಿಂದೊಮ್ಮೆ ಫೋನ್‌ಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಇಡಿಸಿ ನೋಡಿದೆ. ಗೋಪುರಗಳು ಜಾಸ್ತಿ ಆದವು, ನಗು ಕಡಿಮೆ ಆಯಿತು. ಒಬ್ಬಳ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರಗಳ ಹಾಳೆ) ಇರುವುದೇ ಫೋನ್‌ನಲ್ಲಿ, ಹಾಗಾಗಿ ಅದೂ ನಿಂತುಹೋಯಿತು. ಕ್ಯಾಂಪೇನ್ ನಿಲ್ಲಿಸಬೇಕಾ? ಒಂದಿಬ್ಬರನ್ನು ಬಿಡಿಸಬೇಕಾ? ಅಥವಾ ನಾನೇ ಚೆನ್ನಾಗಿ ನಡೆಸುತ್ತಿಲ್ಲವಾ?

ಇಪ್ಪತ್ತುಮುಖ:

ಬೇಜಾರು ಅರ್ಥವಾಗುತ್ತದೆ. ಯಾರನ್ನಾದರೂ ಬಿಡಿಸುವ ಮೊದಲು ಎರಡು ವಿಷಯ ಹೇಳಿ. ಗಮನ ಯಾವಾಗ ಜಾರುತ್ತದೆ? ಕಾದಾಟದಲ್ಲಾ, ಎನ್‌ಪಿಸಿಗಳ (ಡಿಎಂ ಆಡಿಸುವ ಪಾತ್ರಗಳ) ಜೊತೆ ಮಾತುಕತೆಯಲ್ಲಾ, ನೀವು ವಿವರಿಸುವಾಗಲಾ? ಮತ್ತೆ, ಕಾದಾಟದಲ್ಲಿ ಒಂದು ರೌಂಡ್, ಅಂದರೆ ಎಲ್ಲರ ಸರದಿ ಒಂದು ಸುತ್ತು, ಮುಗಿಯಲು ಎಷ್ಟು ನಿಮಿಷ ಬೇಕು? ಅಂದಾಜು ಬೇಡ. ಮುಂದಿನ ಸೆಷನ್‌ನಲ್ಲಿ ಗಡಿಯಾರ ನೋಡಿ ಬರೆದುಕೊಳ್ಳಿ. ಯಾರಿಗೂ ಹೇಳಬೇಡಿ, ಹೇಳಿದರೆ ಎಲ್ಲರೂ ಅವಸರ ಮಾಡುತ್ತಾರೆ.

ಹಳೇದಾಳ:

ಅಲ್ಲಿಯವರೆಗೆ ಒಂದು ಕೋರಿಕೆ. ಗಮನ ಕೊಡದವರ ಪಾತ್ರದ ಮೇಲೆ ಸೇಡು ತೀರಿಸಿಕೊಳ್ಳಬೇಡಿ. ಫೋನ್ ನೋಡುತ್ತಿದ್ದಾನೆ ಅಂತ ಗಾಬ್ಲಿನ್‌ಗಳೆಲ್ಲ ಅವನ ಮೇಲೇ ಬೀಳುವುದು, ಕೇಳಿಸಿಕೊಳ್ಳಲಿಲ್ಲ ಅಂತ ಬಲೆಗೆ ಬೀಳಿಸುವುದು, ಇವನ್ನೆಲ್ಲ ನಾನು ಮಾಡಿದ್ದೇನೆ. ಅವನಿಗೆ ಕಾರಣ ತಿಳಿಯಲೇ ಇಲ್ಲ. ಡಿಎಂಗೆ ತನ್ನನ್ನು ಕಂಡರೆ ಆಗುವುದಿಲ್ಲ ಅಂದುಕೊಂಡು ಆಟ ಬಿಟ್ಟುಹೋದ. ಮೇಜಿನ ಸುತ್ತ ಕೂತ ಜನರ ಸಮಸ್ಯೆಯನ್ನು ಕಥೆಯೊಳಗೆ ತರಬೇಡಿ. ಬಾಯಿ ಬಿಟ್ಟು ಮಾತಾಡಿ.

ಕಂದೀಲು:

ಸೆಷನ್ ಮುಗಿಯಿತು. ಅಳೆದೆ. ನೋಡಿ ನನಗೇ ಗಾಬರಿಯಾಯಿತು.

ಗಮನ ಜಾರುವುದು ಹೆಚ್ಚಾಗಿ ಕಾದಾಟದಲ್ಲಿ, ಆಮೇಲೆ ನಾನು ಉದ್ದಕ್ಕೆ ಓದುವಾಗ. ಎನ್‌ಪಿಸಿಗಳ ಜೊತೆ ಮಾತಿನಲ್ಲಿ ಪರವಾಗಿಲ್ಲ.

ಈ ಸಲ ಒಬ್ಬ ನಾಯಕ ಮತ್ತು ಎಂಟು ಕಲ್ಟಿಸ್ಟ್‌ಗಳ (ದುಷ್ಟ ಪಂಥದ ಹಿಂಬಾಲಕರ) ಜೊತೆ ಕಾದಾಟವಿತ್ತು. ಒಂದು ರೌಂಡ್‌ಗೆ ಸುಮಾರು 27 ನಿಮಿಷ. ಆಟಗಾರರಿಗೆ ತಲಾ 3 ನಿಮಿಷ, ಒಟ್ಟು 15. ಉಳಿದ 12 ನಿಮಿಷ ಪೂರ್ತಿ ನನ್ನದು. ಐದು ರೌಂಡ್ ನಡೆಯಿತು. ಇಷ್ಟು ದಿನ ಅವರೇ ನಿಧಾನ ಅಂದುಕೊಂಡಿದ್ದೆ.

ಇಪ್ಪತ್ತುಮುಖ:

ಅಳೆದು ತಂದಿದ್ದಕ್ಕೆ ಧನ್ಯವಾದ. ಇನ್ನು ಸರಿಪಡಿಸಬಹುದು.

ಅವರ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿ. ಒಬ್ಬ ಆಟಗಾರ 3 ನಿಮಿಷ ಆಡಿ 24 ನಿಮಿಷ ಕಾಯುತ್ತಾನೆ. ಐದು ರೌಂಡ್ ಅಂದರೆ ಎರಡೂಕಾಲು ಗಂಟೆ. ಅದರಲ್ಲಿ ಅವನ ಪಾಲು 15 ನಿಮಿಷ, ಬಾಕಿ ಎರಡು ಗಂಟೆ ಸುಮ್ನೆ ಕೂತಿರಬೇಕು. ಕಥೆಯ ಪ್ರಕಾರ ಒಂದು ರೌಂಡ್ ಅಂದರೆ 6 ಸೆಕೆಂಡ್! ಇಷ್ಟು ಹೊತ್ತು ಕಾಯಬೇಕಾದರೆ ನಾನೂ ಫೋನ್ ತೆಗೆಯುತ್ತೇನೆ. ನಿಮ್ಮ ಗೆಳೆಯರಿಗೆ ಆಟದ ಮೇಲೆ ಪ್ರೀತಿ ಇಲ್ಲ ಅಂತ ಇದರಿಂದ ಹೇಳಲು ಆಗುವುದಿಲ್ಲ. ಮೊದಲು ಈ ಕಾಯುವ ಹೊತ್ತನ್ನು ಕಡಿಮೆ ಮಾಡಿ, ಆಮೇಲೂ ಗಮನ ಇಲ್ಲದವರು ಯಾರು ಅಂತ ನೋಡಿ.

ನಿಮ್ಮ 12 ನಿಮಿಷದಿಂದಲೇ ಶುರು ಮಾಡಿ. ಒಂದೇ ಜಾತಿಯ ಎಂಟು ಕಲ್ಟಿಸ್ಟ್‌ಗಳಿಗೆ ಎಂಟು ಇನಿಶಿಯೇಟಿವ್ (ಸರದಿಯ ಕ್ರಮ ನಿರ್ಧರಿಸುವ ರೋಲ್) ಹಾಕುತ್ತಿದ್ದೀರಾ? ನಿಯಮದಲ್ಲೇ ಇದೆ, ಒಂದೇ ಬಗೆಯ ಜೀವಿಗಳ ಗುಂಪಿಗೆ ಒಂದೇ ರೋಲ್ ಸಾಕು. ಡ್ಯಾಮೇಜ್ (ಏಟಿನಿಂದಾಗುವ ಹಾನಿ) ಕೂಡ ಪ್ರತಿ ಸಲ ಉರುಳಿಸಬೇಕಾಗಿಲ್ಲ. ಕಲ್ಟಿಸ್ಟ್‌ನ ಕತ್ತಿಯ ಮುಂದೆ "4 (1ಡಿ6+1)" ಅಂತ ಅಚ್ಚಾಗಿದೆ ಅಲ್ವಾ? ಆವರಣದಲ್ಲಿರುವುದು ಆರು ಮುಖದ ಒಂದು ಡೈಸ್ ಉರುಳಿಸಿ 1 ಕೂಡಿಸಿ ಅಂತ. ಆ 4 ಇರುವುದೇ ನೇರವಾಗಿ ಬಳಸಲಿ ಅಂತ. ಹಿಟ್ ಆದರೆ 4, ಮುಂದಕ್ಕೆ ಹೋಗಿ.

ಇನ್ನೂ ದೊಡ್ಡ ಗುಂಪಾದರೆ, 2014ರ ಡಿಎಂ ಪುಸ್ತಕದಲ್ಲಿ ಗುಂಪಿನ ದಾಳಿಗೆ ಒಂದು ಪಟ್ಟಿ ಇದೆ. ಡೈಸ್ ಹಾಕುವ ಕೆಲಸವೇ ಇಲ್ಲ. ಕಲ್ಟಿಸ್ಟ್‌ಗೆ ಹಿಟ್ ಬೋನಸ್ (ದಾಳಿಯ ಡೈಸ್‌ಗೆ ಕೂಡಿಸುವುದು) +3. ಎದುರಿಗಿರುವವರ ಎಸಿ (ಏಟು ತಗಲಲು ಮುಟ್ಟಬೇಕಾದ ಅಂಕ) 16 ಆದರೆ ಡಿ20ಯಲ್ಲಿ (ಇಪ್ಪತ್ತು ಮುಖದ ಡೈಸ್) ಕನಿಷ್ಠ 13 ಬೀಳಬೇಕು. 13 ಅಥವಾ 14 ಬೇಕಿದ್ದರೆ ಮೂವರು ದಾಳಿ ಮಾಡಿದಾಗ ಒಬ್ಬನದು ತಗಲುತ್ತದೆ ಅನ್ನುತ್ತದೆ ಆ ಪಟ್ಟಿ. ಅಂದರೆ ಒಬ್ಬರನ್ನು ಆರು ಕಲ್ಟಿಸ್ಟ್‌ಗಳು ಮುತ್ತಿದರೆ ಎರಡು ಹಿಟ್, 8 ಡ್ಯಾಮೇಜ್. ಹತ್ತು ಸೆಕೆಂಡಿನ ಕೆಲಸ. ನಾಯಕನ ದಾಳಿಗಳಿಗೆ ಮಾತ್ರ ಡೈಸ್ ಹಾಕಿ. ಅಲ್ಲಿ ಎಲ್ಲರೂ ಉಸಿರು ಹಿಡಿದು ನೋಡುತ್ತಾರೆ.

ಆಟಗಾರರ ಕಡೆಗೆ ಬಂದರೆ, ನನ್ನ ಮೇಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಸಣ್ಣ ಅಭ್ಯಾಸ. ಒಬ್ಬರ ಟರ್ನ್ ಶುರುವಾಗುವಾಗ ಅದರ ಮುಂದಿನವರ ಹೆಸರನ್ನೂ ಹೇಳುತ್ತೇನೆ. "ಈಗ ವಿಝರ್ಡ್, ಆಮೇಲೆ ರೋಗ್, ರೆಡಿಯಾಗಿರಿ." ಅಷ್ಟೇ. ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ. ಅಟ್ಯಾಕ್ ಡೈಸ್ ಮತ್ತು ಡ್ಯಾಮೇಜ್ ಡೈಸ್ ಒಟ್ಟಿಗೇ ಉರುಳಿಸಲು ಹೇಳಿ. ಸ್ಪೆಲ್‌ಗಳನ್ನು (ಮಂತ್ರಗಳನ್ನು) ಒಂದೊಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಲಿ, ಪುಸ್ತಕ ತಿರುವಿ ಹಾಕುವುದು ತಪ್ಪುತ್ತದೆ. ಟರ್ನ್ ಬಂದಾಗ ಯಾರಾದರೂ ತಡಕಾಡಿದರೆ ಬೈಯಬೇಡಿ. "ಯೋಚನೆ ಮಾಡು, ಇವರದು ಮುಗಿಸಿ ನಿನ್ನ ಹತ್ತಿರ ಬರುತ್ತೇನೆ" ಅನ್ನಿ.

ಮರಳು ಗಡಿಯಾರ ಇಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಹೊಸಬರಿಗೆ ಕೈ ನಡುಗುತ್ತದೆ.

ನಕ್ಷೆಗಾತಿ:

ನಾನು ಆಟಗಾರ್ತಿ. ನಿಮ್ಮ ಮೇಜಿನಲ್ಲಿದ್ದರೆ "ಗಮನ ಇಲ್ಲದವಳು" ಅಂತ ನೀವು ಬರೆಯುತ್ತಿದ್ದದ್ದು ನನ್ನ ಬಗ್ಗೆಯೇ ಇರುತ್ತಿತ್ತು. ಅದಕ್ಕೇ ಇದನ್ನು ಹೇಳಲೇಬೇಕು.

ನನಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ಸ್ಥಿತಿ) ಇದೆ. ಕೈ ಖಾಲಿ ಇದ್ದರೆ ಕಿವಿಗೆ ಏನೂ ಬೀಳುವುದಿಲ್ಲ. ಏನಾದರೂ ಗೀಚುತ್ತಿದ್ದರೆ, ದಾರ ಸುತ್ತುತ್ತಿದ್ದರೆ ಪ್ರತಿ ಮಾತೂ ಕೇಳಿಸುತ್ತದೆ. ಡಿಎಂ ಮುಖವನ್ನೇ ನೋಡುತ್ತಾ ಕೂರು ಅಂದರೆ, ಮುಖ ನೋಡುವುದರಲ್ಲೇ ನನ್ನ ಶಕ್ತಿಯೆಲ್ಲ ಖರ್ಚಾಗುತ್ತದೆ. ಎಲ್ಲರದೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಗೋಪುರ ಕಟ್ಟುವ ನಿಮ್ಮ ಗೆಳೆಯ ನಿಜಕ್ಕೂ ಕೇಳುತ್ತಿಲ್ಲವಾ? ಅವನನ್ನು ಕೇಳಿದ್ದೀರಾ? ಡೈಸ್ ಬಿದ್ದು ಸದ್ದಾಗುವುದು ತೊಂದರೆ ಆದರೆ ಮೆತ್ತಗಿನದು ಏನಾದರೂ ಕೊಡಿ.

ನನ್ನ ಡಿಎಂ ನನಗೆ ನಕ್ಷೆ ಬಿಡಿಸುವ ಕೆಲಸ ಕೊಟ್ಟರು. ಅಲ್ಲಿಂದ ನಾನು ಒಂದು ಬಾಗಿಲನ್ನೂ ಮರೆತಿಲ್ಲ.

ಇನ್ನೊಂದು. ನನ್ನನ್ನು ಕರೆಯುವಾಗ ಅವರು ಮೊದಲು ಹೆಸರು ಹೇಳುತ್ತಾರೆ, ಆಮೇಲೆ ಒಂದೇ ಸಾಲಿನಲ್ಲಿ ಪರಿಸ್ಥಿತಿ, ಕೊನೆಗೆ ಪ್ರಶ್ನೆ. ಹೆಸರು ಕರೆದು, "ಸೇತುವೆ ಮುರಿದಿದೆ, ಕ್ಲೆರಿಕ್ ಕೆಳಗೆ ನೇತಾಡುತ್ತಿದ್ದಾನೆ, ನೀನೇನು ಮಾಡುತ್ತೀಯಾ?" ಪ್ರಶ್ನೆ ಮೊದಲು ಬಂದು ಹೆಸರು ಕೊನೆಗೆ ಬಂದರೆ, ಅಷ್ಟರಲ್ಲಿ ಪ್ರಶ್ನೆ ಹೋಗಿಬಿಟ್ಟಿರುತ್ತದೆ. ಎಲ್ಲರೆದುರು "ಕೇಳಿಸಿಕೊಂಡಿಲ್ವಾ?" ಅಂತ ಒಮ್ಮೆಯೂ ಅಂದಿಲ್ಲ ಅವರು. ಅದಕ್ಕೆ ನಾನು ಅವರಿಗೆ ಋಣಿ.

ಹಳೇದಾಳ:

ನಕ್ಷೆಯ ಮಾತು ಬಂದಿದ್ದು ಒಳ್ಳೆಯದಾಯಿತು. ಇದೇ ಆಟದ 1981ರ ಬೇಸಿಕ್ ನಿಯಮಗಳಲ್ಲಿ ಇದು ಆಟದ ಭಾಗವೇ ಆಗಿತ್ತು. ಒಬ್ಬರು ಮ್ಯಾಪರ್, ನಕ್ಷೆ ಬಿಡಿಸುವವರು. ಇನ್ನೊಬ್ಬರು ಕಾಲರ್, ಪಾರ್ಟಿ ಏನು ಮಾಡುತ್ತದೆ ಅಂತ ಎಲ್ಲರ ಪರವಾಗಿ ಡಿಎಂಗೆ ಹೇಳುವವರು. ಈಗ ಇನಿಶಿಯೇಟಿವ್ ಕ್ರಮ ಬರೆಯುವುದು, ಶತ್ರುಗಳಿಗಾದ ಡ್ಯಾಮೇಜ್ ಕೂಡಿಸುವುದು, ಎನ್‌ಪಿಸಿಗಳ ಹೆಸರು ಬರೆದಿಡುವುದು, ಹೀಗೆ ಎಷ್ಟೋ ಕೆಲಸ ನೀವೊಬ್ಬರೇ ಹೊತ್ತಿರುತ್ತೀರಿ. ಹಂಚಿಬಿಡಿ.

ನೀವು ಓದಿದ ಆ ದೃಶ್ಯ ಎಷ್ಟು ಉದ್ದ ಇತ್ತು?

ಕಂದೀಲು:

ಎರಡು ಪುಟ.

ಹಳೇದಾಳ:

ಎರಡು ಪುಟವನ್ನು ಕಿವಿಯಲ್ಲಿ ಹಿಡಿದಿಡುವುದು ಕಷ್ಟ. ನೀವು ಪ್ರೀತಿಯಿಂದ ಬರೆದಿದ್ದೀರಿ, ಗೊತ್ತು. ಆದರೆ ಆ ಎರಡು ಪುಟದಲ್ಲಿ ಆಟಗಾರರು ಮಾಡುವಂಥದ್ದು ಏನೂ ಇರಲಿಲ್ಲ. ಮೂರ್ನಾಲ್ಕು ವಾಕ್ಯ ಹೇಳಿ ನಿಲ್ಲಿಸಿ, ಯಾರಿಗಾದರೂ ಒಂದು ಪ್ರಶ್ನೆ ಕೇಳಿ. "ಮುದುಕ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ನಿನ್ನ ಕಣ್ಣು ತಪ್ಪಿಸುತ್ತಿದ್ದಾನೆ. ಏನಂತೀಯಾ?" ಮೋಸ ಆಗಿದೆ ಅಂತ ಅವರೇ ಕಂಡುಹಿಡಿಯಲಿ.

ಇನ್ನೂ ಒಂದು ಉಪಾಯ ಇದೆ. ಯಾರ ಗಮನ ಹೆಚ್ಚು ಜಾರುತ್ತದೋ ಅವರಿಗೆ ಸೆಷನ್‌ಗೆ ಮೊದಲು ಒಂದು ಗುಟ್ಟು ಕೊಡಿ. "ಮುದುಕ ನಿನ್ನೆ ರಾತ್ರಿ ಯಾರಿಗೋ ದೀಪ ತೋರಿಸಿ ಸನ್ನೆ ಮಾಡಿದ್ದನ್ನು ನಿನ್ನ ಪಾತ್ರ ಮಾತ್ರ ನೋಡಿದೆ." ಆ ದಿನವೆಲ್ಲ ಅವನು ಮುದುಕನ ಮೇಲಿಂದ ಕಣ್ಣು ತೆಗೆಯುವುದಿಲ್ಲ.

ಇದೆಲ್ಲ ಮಾಡಿದ ಮೇಲೂ ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡುವುದು ತಪ್ಪುವುದಿಲ್ಲ. ಗುಂಪಿನಲ್ಲಿ ಬೇಡ. "ನೀನು ಯಾಕೆ ಗಮನ ಕೊಡಲ್ಲ?" ಅಂತ ಶುರು ಮಾಡಿದರೆ ಅಲ್ಲೇ ಮುಗಿಯಿತು. "ಆಟದಲ್ಲಿ ನಿನಗೆ ಯಾವ ಭಾಗ ಇಷ್ಟ, ಎಲ್ಲಿ ಬೋರ್ ಆಗುತ್ತದೆ?" ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ನಿಮಗೆ ಬೇಜಾರಾಗಿದ್ದನ್ನೂ ಹೇಳಿ. ಎರಡು ವಾರ ಬರೆದಿದ್ದು ಅವರಿಗೆ ಗೊತ್ತೇ ಇಲ್ಲದಿರಬಹುದು.

ಕಂದೀಲು:

ಎರಡು ಸೆಷನ್ ಆದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ರೌಂಡ್ ಈಗ 12 ನಿಮಿಷಕ್ಕೆ ಇಳಿದಿದೆ, ನನ್ನ ಪಾಲು 3. ಇನಿಶಿಯೇಟಿವ್ ಹಲಗೆಯನ್ನು ಆಟಗಾರರಿಗೇ ಕೊಟ್ಟೆ, ಮುಂದಿನವರ ಹೆಸರನ್ನು ಅವರೇ ಕೂಗುತ್ತಾರೆ. ಕಾದಾಟದ ಮಧ್ಯೆ ಫೋನ್ ಕಂಡದ್ದು ಎರಡೇ ಸಲ.

ಫೋನ್ ಹಿಡಿದಿರುತ್ತಿದ್ದ ಗೆಳೆಯನ ಜೊತೆ ಮಾತಾಡಿದೆ. ಆಟದ ದಿನಗಳಲ್ಲಿ ಅವನಿಗೆ ಕೆಲಸದ ಕಡೆಯಿಂದ ಯಾವಾಗ ಬೇಕಾದರೂ ಕರೆ ಬರಬಹುದಂತೆ. ಒಮ್ಮೆ ಮೆಸೇಜ್ ನೋಡಲು ತೆಗೆದರೆ ಹಾಗೇ ಬೇರೆಯದಕ್ಕೂ ಕೈ ಹೋಗುತ್ತದೆ ಅಂತ ಅವನೇ ಒಪ್ಪಿಕೊಂಡ. ಈಗ ಕರೆಗೆ ಮಾತ್ರ ರಿಂಗ್ ಇಟ್ಟು ಫೋನ್ ಜೇಬಿನಲ್ಲಿಡುತ್ತಾನೆ. ಒಂದೂವರೆ ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು ಕೊಡುತ್ತೇನೆ, ಆಗ ನೋಡಿಕೊಳ್ಳುತ್ತಾನೆ.

ಇನ್ನು ಗೋಪುರದ ಗೆಳೆಯ. ಕಳೆದ ಸೆಷನ್‌ನಲ್ಲಿ ಸಿಕ್ಕಿಬಿದ್ದ ಮುದುಕನನ್ನು ಎಲ್ಲರೂ ಸೇರಿ ಪ್ರಶ್ನೆ ಮಾಡುತ್ತಿದ್ದರು, ಅವನು ಬಾಯಿ ಬಿಡುತ್ತಿರಲಿಲ್ಲ. ಆಗ ಈ ಗೆಳೆಯ ಗೋಪುರದಿಂದ ಕಣ್ಣೆತ್ತದೇ ಮುದುಕನ ಸತ್ತ ಮಗಳ ಹೆಸರು ಹೇಳಿ, "ಅವಳಿಗೋಸ್ಕರ ಮಾಡಿದ್ಯಾ?" ಅಂತ ಕೇಳಿದ. ಆ ಹೆಸರನ್ನು ನಾನು ಹೇಳಿದ್ದು ಎರಡನೇ ಸೆಷನ್‌ನಲ್ಲಿ, ಒಂದೇ ಒಂದು ಸಲ. ನನಗೆ ಗಂಟಲು ಕಟ್ಟಿತು. ನಕ್ಷೆಗಾತಿ ಅವರೇ, ನೀವು ಬರೆಯದಿದ್ದರೆ ಅವನಿಗೆ ಡೈಸ್ ಮುಟ್ಟಬೇಡ ಅಂದುಬಿಡುತ್ತಿದ್ದೆ.

ಮಾತಾಡುತ್ತಾ ಕೂರುವ ಇಬ್ಬರದು ಇನ್ನೂ ಪೂರ್ತಿ ಸರಿಹೋಗಿಲ್ಲ. ಅದರಲ್ಲಿ ಒಬ್ಬಳು ತನಗೆ ಕಾದಾಟ ಇಷ್ಟವೇ ಇಲ್ಲ, ನಮ್ಮನ್ನೆಲ್ಲ ನೋಡಲು ಬರುತ್ತೇನೆ ಅಂದಳು. ಕೇಳಿ ಒಂದು ಕ್ಷಣ ನೋವಾಯಿತು. ಆದರೆ ನಿಜ ಹೇಳಿದಳಲ್ಲ. ಅವಳನ್ನು ಏನು ಮಾಡಲಿ?

ಇಪ್ಪತ್ತುಮುಖ:

27ರಿಂದ 12! ತುಂಬಾ ಖುಷಿಯಾಯಿತು.

ನಿಮ್ಮೆಲ್ಲರನ್ನೂ ನೋಡಲು ಬರುತ್ತಾಳೆ ಅನ್ನುವುದು ಸಣ್ಣ ಮಾತಲ್ಲ. ಮೊದಲ ಅರ್ಧ ಗಂಟೆಯನ್ನು ಹರಟೆಗೇ ಬಿಡಿ, ಆಟ ಶುರುವಾಗುವ ಹೊತ್ತನ್ನು ಎಲ್ಲರಿಗೂ ತಿಳಿಸಿ. ಇಬ್ಬರ ಮಾತಿನ ಅರ್ಧ ಭಾಗ ಅಲ್ಲೇ ತೀರುತ್ತದೆ. ಅಕ್ಕಪಕ್ಕ ಕೂರುತ್ತಿದ್ದರೆ ಒಬ್ಬರನ್ನು ನಿಮ್ಮ ಬಲಕ್ಕೆ ಕೂರಿಸಿ. ಕಾದಾಟದಲ್ಲಿ ಅವಳಿಗೆ ಎನ್‌ಪಿಸಿ ಪಾತ್ರ ಕೊಟ್ಟು ನೋಡಿ. ಶತ್ರುಗಳ ನಾಯಕನ ಬೈಗುಳ, ಬೆದರಿಕೆ ಎಲ್ಲ ಅವಳ ಬಾಯಲ್ಲಿ ಬರಲಿ. ಅದೂ ಬೇಡ ಅಂದರೆ, ಕ್ಯಾಂಪೇನ್‌ನಿಂದ ಹೊರಗೆ ಬೇರೆ ದಿನ ಸೇರೋಣ ಅಂತ ಕೇಳಿ.

ಕಂದೀಲು:

ನಾಯಕನ ಪಾತ್ರದ ಬಗ್ಗೆ ಈಗಷ್ಟೇ ಅವಳಿಗೆ ಮೆಸೇಜ್ ಮಾಡಿದೆ. "ಕೆಟ್ಟವಳಾಗಬಹುದಾ? ಎಷ್ಟು ಕೆಟ್ಟವಳು?" ಅಂತ ತಕ್ಷಣ ಕೇಳಿದ್ದಾಳೆ. ಮುಂದಿನ ಸೆಷನ್‌ಗೆ ಅವಳ ಕುರ್ಚಿ ನನ್ನ ಬಲಕ್ಕೆ.